ಡೇರೆ ಹೂ: ಹೆಸರು ಮತ್ತು ಗಡ್ಡೆ



ಯಲ್ಲಾಪುರ, ಶಿರಸಿ, ಸಿದ್ದಾಪುರ ಕಡೆಯ ಅಂಗಳಗಳಲ್ಲಿ ಮಳೆಗಾಲಕ್ಕೆ ಅರಳುವ ಡೇರೆ ಹೂವೇ ಪೇಟೆಯವರ ಡೇಲಿಯಾ. ಇದರ ಮೂಲ ಮೆಕ್ಸಿಕೋ. 1791ರಲ್ಲಿ ಸ್ಪೇನಿನ ಸಸ್ಯಶಾಸ್ತ್ರಜ್ಞ ಕಾವನಿಯೆಸ್, ಸ್ವೀಡನ್ನಿನ ಆಂಡರ್ಸ್ ಡಾಲ್ ಅವರ ಗೌರವಾರ್ಥ ಈ ಹೆಸರಿಟ್ಟರು. ಡಾಲ್ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಮಲೆನಾಡಿನವರ ಬಾಯಲ್ಲಿ ಅದು ಡೇರೆಯಾಯಿತು. ಹೇಳಲು ಇದೇ ಸಲೀಸು.

ನೆರೆಮನೆಯಿಂದ ತಂದ ಗಡ್ಡೆ ಚಿಗುರಲಿಲ್ಲವೆಂಬ ದೂರು ಹಲವರದು. ತಪ್ಪು ಮಣ್ಣಿನದಲ್ಲ. ಡೇರೆಯ ಕಣ್ಣು ಆಲೂಗಡ್ಡೆಯಂತೆ ಮೈಮೇಲಿರದೆ, ಕಾಂಡ ಕೂಡುವ ಕುತ್ತಿಗೆಯಲ್ಲಿರುತ್ತದೆ. ಕುತ್ತಿಗೆ ಮುರಿದ ಗಡ್ಡೆ ಎಷ್ಟೇ ದಪ್ಪವಿರಲಿ, ಮೊಳೆಯದು. ಆದ್ದರಿಂದ ಗೊಂಚಲು ಬಿಡಿಸುವಾಗ ಪ್ರತಿ ಗಡ್ಡೆಗೂ ಹಳೆಯ ಕಾಂಡದ ತುಣುಕು ಉಳಿಯುವಂತೆ ಚಾಕುವಿನಿಂದ ಸೀಳಿ, ಗಾಯಕ್ಕೆ ಬೂದಿ ಹಚ್ಚಬೇಕು. ಗಿಡ ಒಣಗಿದ ಮೇಲೆ ಗಡ್ಡೆ ಕಿತ್ತು ನೆರಳಿನಲ್ಲಿ, ಒಣ ಮರಳಿನೊಳಗೆ ಇಡಿ. ಮೊದಲ ಮಳೆಗೆ ಏರುಮಡಿಯಲ್ಲೇ ನೆಡಿ. ನೀರು ನಿಂತರೆ ಕೊಳೆಯುತ್ತದೆ.