ಊರಿನ ಕಾಗದಗಳು

ಊರಿನ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಮೊದಲು ಗುಡಿಯ ಮುಂದಿನ ಶಾಸನದ ಕಲ್ಲನ್ನು ಹುಡುಕುತ್ತಾರೆ. ಅದು ತಪ್ಪಲ್ಲ. ಸೂಡಿಯು ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣವಾಗಿತ್ತೆಂಬುದೂ, ಅಕ್ಕಾದೇವಿಯು ಆ ಸೀಮೆಯನ್ನು ಆಳಿದಳೆಂಬುದೂ ನಮಗೆ ತಿಳಿದದ್ದು ಕಲ್ಲಿನಿಂದಲೇ. ಆದರೆ ಶಾಸನಗಳು ನಿಂತ ಕಾಲಕ್ಕೆ ಊರುಗಳೇನೂ ನಿಲ್ಲಲಿಲ್ಲ. ಯಾವ ಓಣಿ ಯಾವಾಗ ಹುಟ್ಟಿತು, ಸಂತೆಯು ಅಗಸಿಯ ಒಳಗಿನಿಂದ ಹೊರಕ್ಕೆ ಎಂದು ಬಂದಿತು, ನೇಕಾರರು ಎಲ್ಲಿಂದ ಬಂದು ಎಲ್ಲಿ ಮನೆ ಕಟ್ಟಿಕೊಂಡರು, ಬಾವಿಯ ನೀರು ಸೇದುತ್ತಿದ್ದ ಊರಿಗೆ ನಳ ಯಾವಾಗ ಬಂದಿತು? ಇವುಗಳಿಗೆ ಉತ್ತರ ಕಲ್ಲಿನಲ್ಲಿಲ್ಲ, ಕಾಗದದಲ್ಲಿದೆ. ಆ ಕಾಗದಗಳು ಎಲ್ಲೆಲ್ಲಿವೆ, ಅವುಗಳನ್ನು ಹುಡುಕುವ ಬಗೆ ಹೇಗೆ ಎಂಬುದೇ ಇಂದಿನ ಮಾತು. ಉದಾಹರಣೆಗೆ ರೋಣ, ನರಗುಂದ, ಗಜೇಂದ್ರಗಡಗಳನ್ನು ತೆಗೆದುಕೊಳ್ಳುತ್ತೇನೆ.

ಗಾತ್ರದಲ್ಲಿ ಈ ಮೂರು ಊರುಗಳೊಳಗೆ ಬಹಳ ಅಂತರವಿಲ್ಲ. 2001ರ ಜನಗಣತಿಯಲ್ಲಿ ನರಗುಂದಕ್ಕೆ ಮೂವತ್ತೆರಡೂವರೆ ಸಾವಿರ, ಗಜೇಂದ್ರಗಡಕ್ಕೆ ಇಪ್ಪತ್ತೆಂಟು ಸಾವಿರ, ರೋಣಕ್ಕೆ ಇಪ್ಪತ್ತೊಂದೂವರೆ ಸಾವಿರ ಜನ, ಲೆಕ್ಕ ಸುಮಾರಿನದು. ಆದರೆ ಪತ್ರಾಗಾರದಲ್ಲಿ ಹುಡುಕಹೋದರೆ ಮೂರಕ್ಕೂ ಅಜಗಜಾಂತರ.

ನರಗುಂದದ ಕಥೆ ಎಲ್ಲರಿಗೂ ಗೊತ್ತು. ದತ್ತಕಕ್ಕೆ ಇಂಗ್ಲಿಷರು ಒಪ್ಪಿಗೆ ಕೊಡಲಿಲ್ಲ. ಮೇಲೆ ಆಯುಧ ಒಪ್ಪಿಸಬೇಕೆಂಬ ಕಾನೂನು ಬಂದಿತು. 1858ರ ಮೇ ಕೊನೆಯಲ್ಲಿ ಬಾಬಾಸಾಹೇಬ ಭಾವೆಯ ಜನರು ಸುರೇಬಾನದಲ್ಲಿ ರಾಜಕೀಯ ಏಜಂಟ ಮ್ಯಾನ್ಸನ್‌ನನ್ನು ರಾತ್ರಿ ಕೊಂದು, ಅವನ ರುಂಡವನ್ನು ತಂದು ನರಗುಂದದ ಅಗಸಿಗೆ ತೂಗಹಾಕಿದರು. ಜೂನ್ ಮೊದಲಲ್ಲಿ ಕೋಟೆ ಬಿದ್ದಿತು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಎಲ್ಲ ಸೇರಿ ಎರಡು ವಾರದ ಮಾತು. ಆದರೆ ಆ ಎರಡು ವಾರಗಳು ಹುಟ್ಟಿಸಿದ ಕಾಗದವೆಷ್ಟು! ಸೇನಾಧಿಕಾರಿಗಳ ವರದಿ, ಮುಂಬಯಿ ಸರಕಾರದ ಟಿಪ್ಪಣಿ, ಕಲಕತ್ತೆಗೆ ಹೋದ ಪತ್ರ, ಲಂಡನ್ನಿಗೆ ಹೋದ ಪ್ರತಿ, ಅಲ್ಲಿನ ಪತ್ರಿಕೆಗಳಲ್ಲಿ ಅಚ್ಚಾದ ಸುದ್ದಿ. ಒಂದೇ ಘಟನೆ ನಾಲ್ಕು ಕಡೆ ನಾಲ್ಕು ದಫ್ತರಗಳಲ್ಲಿ ಕುಳಿತಿದೆ. ಹೀಗಾಗಿ ನರಗುಂದದ ಸಂಶೋಧಕನು ಇಂದು ಮುಂಬಯಿಯ ರಾಜ್ಯ ಪತ್ರಾಗಾರಕ್ಕೂ ದಿಲ್ಲಿಯ ರಾಷ್ಟ್ರೀಯ ಅಭಿಲೇಖಾಲಯಕ್ಕೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಗೂ ಋಣಿಯಾಗಿರಬೇಕಾಗುತ್ತದೆ.

ಇದರಲ್ಲಿ ಒಂದು ವಿಪರೀತವನ್ನು ಗಮನಿಸಬೇಕು. ಬಾಬಾಸಾಹೇಬನು ಸಂಸ್ಕೃತ ಗ್ರಂಥಗಳ ದೊಡ್ಡ ಸಂಗ್ರಹವನ್ನು ಮಾಡಿದ್ದನೆಂದು ಬರೆದವರಿದ್ದಾರೆ. ಅರಸನ ಗ್ರಂಥಗಳು ನರಗುಂದದಲ್ಲಿ ಉಳಿಯಲಿಲ್ಲ; ಅರಸನನ್ನು ಗಲ್ಲಿಗೇರಿಸಿದವರ ಕಡತಗಳು ನೀಟಾಗಿ ದಾರ ಕಟ್ಟಿಸಿಕೊಂಡು ಉಳಿದವು. ನಾವು ನರಗುಂದದ ಬಂಡಾಯವನ್ನು ಓದುವುದು ಬಹುಮಟ್ಟಿಗೆ ಬಂಡಾಯವನ್ನು ಅಡಗಿಸಿದವರ ಕೈಬರಹದಲ್ಲಿಯೇ. ಓದುವಾಗ ಈ ನೆನಪಿರಬೇಕು. ಇನ್ನೊಂದು ಪಕ್ಷದ ದನಿ ಬೇಕಾದರೆ ಲಾವಣಿಗಳನ್ನೂ ಕೇಳಬೇಕು. 1857ರ ಹಲಗಲಿ ಬೇಡರ ಲಾವಣಿಯನ್ನು ಫ್ಲೀಟ್ ಸಾಹೇಬನು ಸಂಗ್ರಹಿಸಿ, ಇಂಡಿಯನ್ ಆಂಟಿಕ್ವೆರಿ ಎಂಬ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಸರಕಾರಿ ನೌಕರನೇ ಬಂಡಾಯಗಾರರ ಹಾಡನ್ನು ಉಳಿಸಿಕೊಟ್ಟದ್ದು ವಿಚಿತ್ರವಾದರೂ ನಿಜ. ಆ ಪತ್ರಿಕೆಯ ಹಳೆಯ ಸಂಪುಟಗಳನ್ನು ಈಗ ಮನೆಯಲ್ಲಿ ಕುಳಿತು ಅಂತರ್ಜಾಲದಲ್ಲಿ ಓದಬಹುದು.

ಗಜೇಂದ್ರಗಡದ ಹೆಸರು ದೊಡ್ಡ ಇತಿಹಾಸ ಗ್ರಂಥಗಳೆಲ್ಲದರಲ್ಲಿಯೂ ಇದೆ. 1785ರಲ್ಲಿ ಟೀಪು ಸುಲ್ತಾನನ ಸೈನ್ಯ ನರಗುಂದಕ್ಕೆ ಮುತ್ತಿಗೆ ಹಾಕಿದ್ದರಿಂದ ಮೊದಲಾದ ಮರಾಠರೊಡನೆಯ ಕಾಳಗವು 1787ರ ಗಜೇಂದ್ರಗಡದ ಒಪ್ಪಂದದಿಂದ ಮುಗಿಯಿತು. ಬಾದಾಮಿ, ನರಗುಂದ, ಕಿತ್ತೂರುಗಳು ಮರಾಠರ ಕಡೆಗೆ ಹೋದವು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಆದರೆ ಆ ಗ್ರಂಥಗಳನ್ನೆಲ್ಲ ತಿರುವಿಹಾಕಿದರೂ ಊರು ಸಿಗುವುದಿಲ್ಲ. ಒಪ್ಪಂದದ ತಲೆಬರಹ ಮಾತ್ರ ಸಿಗುತ್ತದೆ. ಘೋರ್ಪಡೆಯವರ ಕೋಟೆಯ ಕೆಳಗೆ ಪೇಟೆ ಹೇಗೆ ಬೆಳೆಯಿತು, ಕಾಳಕಾಲೇಶ್ವರನ ಜಾತ್ರೆಗೆ ಬಂದ ವ್ಯಾಪಾರಿಗಳು ಏನು ಮಾರಿದರು, ಪಟ್ಟೇದ ಅಂಚಿನ ಸೀರೆಯನ್ನು ನೇಯ್ದವರು ಎಷ್ಟು ಮಗ್ಗ ಹಾಕಿದ್ದರು ಎಂಬುದು ಟೀಪುವಿಗೂ ಬೇಕಿರಲಿಲ್ಲ, ಪೇಶ್ವೆಗೂ ಬೇಕಿರಲಿಲ್ಲ.

ಇನ್ನು ರೋಣ. ಬಹುಕಾಲದಿಂದ ತಾಲೂಕಿನ ಊರು. ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ ಊರು. ಆದರೆ ಅಲ್ಲಿ ಏಜಂಟನ ತಲೆ ಹೋಗಲಿಲ್ಲ, ಒಪ್ಪಂದವೂ ಆಗಲಿಲ್ಲ. ಆದಕಾರಣ ರೋಣದ ಹೆಸರಿನ ಕಡತಗಳೂ ವಿರಳ. ಜಗಳವಾದ ಮನೆಗೆ ಪಂಚರು ಬರುತ್ತಾರೆ, ಸುಖವಾಗಿದ್ದ ಮನೆಯನ್ನು ಯಾರೂ ಬಂದು ನೋಡುವುದಿಲ್ಲ. ಸರಕಾರದ ದಫ್ತರದ ಸ್ವಭಾವವೂ ಇದೇ. ಇಪ್ಪತ್ತನೆಯ ಶತಮಾನದಲ್ಲಿಯೂ ಇದು ಬದಲಾಗಲಿಲ್ಲ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರ ಚಳವಳಿಯಲ್ಲಿ ನರಗುಂದದಲ್ಲಿ ಗೋಲೀಬಾರು ನಡೆದು ರೈತ ವೀರಪ್ಪ ಕಡ್ಲಿಕೊಪ್ಪ ಮಡಿದಾಗ ನರಗುಂದ ಮತ್ತೆ ಪತ್ರಿಕೆಗಳ ಮೊದಲ ಪುಟಕ್ಕೆ ಬಂದಿತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಕಾಲುವೆಯ ನೀರು ಊರಿನ ಪೇಟೆಯನ್ನೂ ಮನೆಗಳನ್ನೂ ಹೇಗೆ ಬದಲಿಸಿತೆಂಬುದನ್ನು ತಿಳಿಯಬೇಕಾದರೆ ಆ ಮೊದಲ ಪುಟ ಸಾಲದು. ಹುಬ್ಬಳ್ಳಿಯ ಪತ್ರಿಕೆಗಳ ಹಳೆಯ ಸಂಚಿಕೆಗಳ ಒಳಪುಟಗಳಲ್ಲಿ ಮಾರುಕಟ್ಟೆಯ ಧಾರಣಿಯನ್ನೂ ಜಾಹೀರಾತುಗಳನ್ನೂ ಓದಬೇಕು.

ಈಗ ಹುಡುಕುವ ಬಗೆ. ಮೊದಲೆಲ್ಲ ದಿಲ್ಲಿಗೆ ಹೋಗಿ ವಾರಗಟ್ಟಲೆ ಇದ್ದು ಸೂಚಿಪಟ್ಟಿಗಳನ್ನು ನೋಡಬೇಕಾಗಿತ್ತು. ಈಗ ರಾಷ್ಟ್ರೀಯ ಅಭಿಲೇಖಾಲಯದವರು 'ಅಭಿಲೇಖ ಪಟಲ' ಎಂಬ ಅಂತರ್ಜಾಲ ಭಂಡಾರವನ್ನು ತೆರೆದಿದ್ದಾರೆ. ಹೆಸರು ನೋಂದಾಯಿಸಿಕೊಂಡರೆ ಅಲ್ಲಿನ ಸೂಚಿಯನ್ನು ನಮ್ಮ ಮನೆಯಿಂದಲೇ ಹುಡುಕಬಹುದು; ಚಿತ್ರ ತೆಗೆದಿಟ್ಟ ಕಡತಗಳನ್ನು ಓದಲೂಬಹುದು. ಆದರೆ ಕಂಪ್ಯೂಟರು ಬಹಳ ಪ್ರಾಮಾಣಿಕ ಗುಮಾಸ್ತ. ನಾವು ಬರೆದ ಅಕ್ಷರವನ್ನೇ ಹುಡುಕುತ್ತದೆ, ನಮ್ಮ ಮನಸ್ಸಿನಲ್ಲಿದ್ದುದನ್ನು ಹುಡುಕುವುದಿಲ್ಲ. 'ನರಗುಂದ' ಎಂಬುದನ್ನು ಇಂದಿನ ಇಂಗ್ಲಿಷ್ ಕಾಗುಣಿತದಲ್ಲಿ ಕೇಳಿದರೆ 1858ರ ಎಷ್ಟೋ ಕಾಗದಗಳು ಬರುವುದೇ ಇಲ್ಲ. ಅಂದಿನ ಸಾಹೇಬರು 'ಎನ್' ಆದ ಮೇಲೆ 'ಯು' ಹಾಕುತ್ತಿದ್ದರು, ನಡುವೆ ಎರಡು 'ಓ' ಹಾಕುತ್ತಿದ್ದರು. ಗಜೇಂದ್ರಗಡದ ಕೊನೆ ಒಮ್ಮೆ 'ಗಡ್', ಒಮ್ಮೆ 'ಘರ್', ಒಮ್ಮೆ 'ಗುರ್'. ಹೀಗೆ ಒಂದು ಊರಿಗೆ ಐದಾರು ವೇಷಗಳನ್ನು ಬರೆದಿಟ್ಟುಕೊಂಡು ಒಂದೊಂದಾಗಿ ಕೇಳಬೇಕು. ರೋಣದ ಪಾಡು ಇನ್ನೂ ಫಜೀತಿಯದು. ಮೂರೇ ಅಕ್ಷರದ ಹೆಸರು. ವಿದೇಶದ ಭಂಡಾರಗಳಲ್ಲಿ ಅದನ್ನು ಕೇಳಿದರೆ ರೊನಾಲ್ಡ್ ಎಂಬ ಹೆಸರಿನ ಅಮೆರಿಕದ ಗೃಹಸ್ಥರೆಲ್ಲ ಎದ್ದು ಬರುತ್ತಾರೆ. ಅದಕ್ಕೆ ರೋಣದ ಜೊತೆ ಧಾರವಾಡವನ್ನೂ 'ತಾಲೂಕು' ಎಂಬ ಶಬ್ದವನ್ನೂ ಕೂಡಿಸಿ ಕೇಳಬೇಕು.

ಧಾರವಾಡವೇಕೆ? ಗದಗ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೆ ಮುಂಚಿನ ಯಾವ ಕಾಗದವೂ ಗದಗ ಜಿಲ್ಲೆಯ ಹೆಸರಿನಲ್ಲಿರಲಾರದು. 1956ರ ವರೆಗೆ ನಾವು ಮುಂಬಯಿಗೆ ಸೇರಿದವರು, ಆಮೇಲೆ 1973ರ ವರೆಗೆ ಮೈಸೂರು ರಾಜ್ಯದವರು. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಹಳೆಯ ರೋಣ ಸಿಗಲಿಲ್ಲವೆಂದು ನಿರಾಶರಾಗಬೇಕಿಲ್ಲ, ಅದು ಮುಂಬಯಿಯಲ್ಲಿದ್ದೀತು. ಅದಕ್ಕೂ ಹಿಂದೆ ಪೇಶ್ವೆಯರ ಕಾಲಕ್ಕೆ ಹೋದರೆ ಪುಣೆ. ಅಲ್ಲಿನ ಪೇಶ್ವೆ ದಫ್ತರದಲ್ಲಿ ಸಾವಿರಾರು ರುಮಾಲುಗಳಿವೆ, ಬಹಳಷ್ಟು ಮೋಡಿ ಅಕ್ಷರದಲ್ಲಿ. ಸರದೇಸಾಯಿಯವರು ಆರಿಸಿ 45 ಸಂಪುಟಗಳಲ್ಲಿ ಅಚ್ಚು ಹಾಕಿಸಿದ್ದು ಸಮುದ್ರದೊಳಗಿನ ಒಂದು ಕೊಡ. ಮೋಡಿ ಓದಬಲ್ಲ ಕನ್ನಡಿಗರು ಒಂದು ಕಾಲಕ್ಕೆ ನಮ್ಮ ಪ್ರತಿ ಹಳ್ಳಿಯಲ್ಲಿಯೂ ಇದ್ದರು. ಇಂದು ಅಂಥವರನ್ನು ಹುಡುಕುವುದು ಕಾಗದವನ್ನು ಹುಡುಕುವುದಕ್ಕಿಂತ ಕಷ್ಟ. ಇತಿಹಾಸ ಓದುವ ನಮ್ಮ ಹುಡುಗ ಹುಡುಗಿಯರಲ್ಲಿ ಹತ್ತು ಮಂದಿಯಾದರೂ ಮೋಡಿ ಕಲಿತರೆ ನರಗುಂದದ ಸಂಸ್ಥಾನದ ಕಥೆ ಬೇರೆಯೇ ಆದೀತೆಂದು ನನ್ನ ನಂಬಿಕೆ.

ಅಚ್ಚಾದ ಗ್ರಂಥಗಳಲ್ಲಿ ಮೊದಲು ನೋಡಬೇಕಾದದ್ದು 1884ರ ಧಾರವಾಡ ಜಿಲ್ಲೆಯ ಗ್ಯಾಸೆಟಿಯರು. ಅದರ ಕೊನೆಯ ಭಾಗದಲ್ಲಿ ಊರುಗಳನ್ನು ಅಕಾರಾದಿಯಾಗಿ ವರ್ಣಿಸಿದ್ದಾರೆ. ಆದರೆ ಊರಿನ ಹೆಸರಿದ್ದ ಪುಟವನ್ನಷ್ಟೇ ಓದಿ ಪುಸ್ತಕ ಮುಚ್ಚುವುದು ನಮ್ಮ ರೂಢಿ. ವ್ಯಾಪಾರ, ದಾರಿಗಳು, ಕೈಕಸಬುಗಳ ಅಧ್ಯಾಯಗಳಲ್ಲಿ ಊರು ಚೂರುಚೂರಾಗಿ ಅಡಗಿರುತ್ತದೆ. ಅದೇ ಸುಮಾರಿಗೆ ಹೋಟಗಿ-ಗದಗ ರೈಲುದಾರಿ ತೆರೆಯಿತು. ಅದು ಹೊಳೆಆಲೂರು, ಮಲ್ಲಾಪುರಗಳ ಮೇಲೆ ಹಾದುಹೋಯಿತು; ನಮ್ಮ ಮೂರೂ ಪಟ್ಟಣಗಳನ್ನು ಬದಿಗಿಟ್ಟಿತು. ಹತ್ತಿಯ ಗಾಡಿಗಳು ಆಮೇಲೆ ಯಾವ ದಾರಿ ಹಿಡಿದವು, ಯಾವ ಪೇಟೆ ಸೊರಗಿತು ಎಂಬುದು ಬರೆಯಬೇಕಾದ ಒಂದು ಒಳ್ಳೆಯ ಅಧ್ಯಾಯ.

ಗ್ಯಾಸೆಟಿಯರಿನ ಪಕ್ಕದಲ್ಲಿ ಜನಗಣತಿ. ಧಾರವಾಡ ಜಿಲ್ಲೆಯಲ್ಲಿ 1872ರಲ್ಲಿ ಹತ್ತಿರ ಹತ್ತಿರ 9 ಲಕ್ಷ 90 ಸಾವಿರ ಜನರಿದ್ದರು. 1881ರಲ್ಲಿ 8 ಲಕ್ಷ 83 ಸಾವಿರ. ಒಂದು ಲಕ್ಷಕ್ಕೂ ಮಿಕ್ಕಿ ಜನ ಕಡಿಮೆಯಾದರು. ನಡುವೆ 1876ರಿಂದ 78ರ ಬರ ಹೋಗಿತ್ತು. ಈ ಅಂಕಿಗಳನ್ನು ನೋಡಿದ ಮೇಲೆ ಊರಿನ ಹಾಳುಗೋಡೆಯನ್ನು ನೋಡುವ ಕಣ್ಣು ಬೇರೆಯಾಗುತ್ತದೆ. 1961ರ ಈಚೆಯ ಜಿಲ್ಲಾ ಗಣತಿ ಕೈಪಿಡಿಗಳಲ್ಲಿ ಪಟ್ಟಣಗಳ ನೀರು, ದೀಪ, ಶಾಲೆ, ಆಸ್ಪತ್ರೆಗಳ ವಿವರವೂ ದೊರೆಯುತ್ತದೆ. ಗಣತಿ ಇಲಾಖೆಯವರು ಹಳೆಯ ಸಂಪುಟಗಳನ್ನು ಅಂತರ್ಜಾಲದಲ್ಲಿಟ್ಟಿದ್ದಾರೆ, ಹಣ ಕೊಡಬೇಕಿಲ್ಲ.

ಇಷ್ಟೆಲ್ಲ ದೂರದ ಭಂಡಾರಗಳ ಮಾತಾಯಿತು. ನನಗೆ ಚಿಂತೆಯಿರುವುದು ಹತ್ತಿರದ ಭಂಡಾರದ್ದು. ಲಂಡನ್ನಿನಲ್ಲಿರುವ ನರಗುಂದದ ಕಾಗದಕ್ಕೆ ಯಾವ ಭಯವೂ ಇಲ್ಲ. ನರಗುಂದದಲ್ಲಿಯೇ ಇರುವ ನರಗುಂದದ ಕಾಗದಕ್ಕೆ ಗೆದ್ದಲು ಇದೆ, ಸೋರುವ ಮಾಡು ಇದೆ, ಎಲ್ಲಕ್ಕಿಂತ ಹೆಚ್ಚಾಗಿ ರದ್ದಿಯವನ ತಕ್ಕಡಿ ಇದೆ. ಪುರಸಭೆಯ ಹಳೆಯ ಠರಾವು ಪುಸ್ತಕದಲ್ಲಿ ಯಾವ ಓಣಿಗೆ ಎಂದು ಗಟಾರ ಕಟ್ಟಿದರು, ಯಾರು ಬೇಡವೆಂದರು ಎಂಬುದಿರುತ್ತದೆ. ಮನೆಪಟ್ಟಿಯ ಪುಸ್ತಕದಲ್ಲಿ ಒಂದು ಮನೆ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದಿರುತ್ತದೆ. ಜನನ ಮರಣದ ದಾಖಲೆಯನ್ನು ಓಣಿವಾರು ಬಿಡಿಸಿದರೆ ಪ್ಲೇಗು ಊರಿನೊಳಗೆ ನಡೆದುಬಂದ ದಾರಿ ಕಾಣುತ್ತದೆ. ಇವುಗಳಲ್ಲಿ ಒಂದೂ ದಿಲ್ಲಿಯಲ್ಲಿಲ್ಲ. ರೋಣದಂಥ ಊರಿನ ಇತಿಹಾಸಕ್ಕಂತೂ ಇವೇ ಮೂಲಬಂಡವಾಳ. ಹಳೆಯ ಪುಸ್ತಕಗಳನ್ನು ನೋಡಲು 2005ರ ಮಾಹಿತಿ ಹಕ್ಕಿನ ಕಾಯದೆಯ ಪ್ರಕಾರ ಅರ್ಜಿ ಕೊಡಬಹುದು. ಇಪ್ಪತ್ತು ವರ್ಷ ದಾಟಿದ ಸಂಗತಿಗಳಿಗೆ ಆ ಕಾಯದೆಯ ಬಹಳಷ್ಟು ಅಡ್ಡಿಗಳು ಅನ್ವಯಿಸುವುದಿಲ್ಲ. ಆದರೆ ಅರ್ಜಿಗಿಂತ ಮೊದಲು ದಫ್ತರದ ಗುಮಾಸ್ತರೊಡನೆ ಸ್ನೇಹದಿಂದ ಮಾತಾಡಿ ನೋಡಿರಿ. ಯಾವ ಕಪಾಟಿನಲ್ಲಿ ಏನಿದೆಯೆಂದು ಅವರಿಗೆ ಗೊತ್ತಿದ್ದಷ್ಟು ಯಾವ ಸೂಚಿಪಟ್ಟಿಗೂ ಗೊತ್ತಿರುವುದಿಲ್ಲ.

ಇನ್ನೊಂದು ಭಂಡಾರ ನಿಮ್ಮ ಅಟ್ಟದ ಮೇಲೆಯೇ ಇರಬಹುದು. ಗೌಡಕಿ, ಕುಲಕರ್ಣಿಕೆಗಳು ಕಾಯದೆಯಿಂದ ರದ್ದಾದವು. ಆಗ ಸರಕಾರಕ್ಕೆ ಒಪ್ಪಿಸಿದ್ದು ಹೋಗಿ ಮಿಕ್ಕ ಕಾಗದಗಳು ಎಷ್ಟೋ ಮನೆತನಗಳ ಪೆಟ್ಟಿಗೆಗಳಲ್ಲಿ ಉಳಿದವು. ಅಂಗಡಿಕಾರರ ಕೀರ್ದಿ, ಖಾತೆವಹಿಗಳೂ ಹಾಗೆಯೇ. ವಾಡೆಯನ್ನು ಕೆಡವಿ ಸಿಮೆಂಟಿನ ಮನೆ ಕಟ್ಟುವಾಗ ಇವು ಮೊದಲು ಅಂಗಳಕ್ಕೆ ಬರುತ್ತವೆ, ಸಂಜೆಯೊಳಗೆ ಒಲೆಗೋ ರದ್ದಿಗೋ ಹೋಗುತ್ತವೆ. ಅಂಥ ಗಂಟು ಸಿಕ್ಕರೆ ಅವಸರದಿಂದ ಬಿಡಿಸಬೇಡಿರಿ. ಯಾವ ಗಂಟಿನಲ್ಲಿ ಯಾವ ಕಾಗದವಿತ್ತೋ ಆ ಕ್ರಮವೂ ಒಂದು ಸಾಕ್ಷಿ. ಬಿಸಿಲಿಗೆ ಹರಡದೆ ನೆರಳಿನಲ್ಲಿ ಗಾಳಿಗಿಡಿರಿ. ಹರಿದಲ್ಲಿ ಅಂಟುಪಟ್ಟಿ ಹಚ್ಚಬೇಡಿರಿ. ಅದರ ಅಂಟು ಕೆಲವು ವರ್ಷಗಳಲ್ಲಿ ಕಾಗದವನ್ನೇ ತಿನ್ನುತ್ತದೆ. ಮೊಬೈಲಿನಲ್ಲಿ ಪುಟ ಬಿಡದೆ ಚಿತ್ರ ತೆಗೆದು, ಯಾರ ಮನೆಯದು, ಎಂದು ಸಿಕ್ಕಿತು ಎಂಬುದನ್ನು ಬೇರೆ ಚೀಟಿಯಲ್ಲಿ ಸೀಸದ ಕಡ್ಡಿಯಿಂದ ಬರೆದಿಡಿರಿ. ಓದಲು ಬಾರದ ಅಕ್ಷರವಾದರೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಲ್ಲಿ ವಿಚಾರಿಸಬಹುದು. 1939ರಲ್ಲಿ ಮುಂಬಯಿ ಸರಕಾರ ಅದನ್ನು ಸ್ಥಾಪಿಸಿದ್ದು ಈ ಸೀಮೆಯ ಶಾಸನ, ಹಸ್ತಪ್ರತಿಗಳನ್ನು ಕೂಡಿಸುವುದಕ್ಕಾಗಿಯೇ. ಈಗ ಅದು ಕರ್ನಾಟಕ ವಿಶ್ವವಿದ್ಯಾಲಯದ ಅಂಗವಾಗಿದೆ. ಹೋಗುವಾಗ ಗಂಟನ್ನೆಲ್ಲ ಹೊತ್ತುಕೊಂಡು ಹೋಗಬೇಕಾಗಿಲ್ಲ, ಎರಡು ಕಾಗದದ ಚಿತ್ರ ಸಾಕು.