ಎರಡು ತಾಲೂಕು, ಒಂದು ಮತಕ್ಷೇತ್ರ

ಕಾರವಾರದಿಂದ ಅಂಕೋಲೆಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ಬಲಗಡೆ ಕಡಲು, ಎಡಗಡೆ ಗುಡ್ಡ. ಒಂದು ತಾಲೂಕು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಮೊದಲಾಯಿತು ಎಂಬುದು ಪರಸ್ಥಳದವರಿಗೆ ತಿಳಿಯುವುದಿಲ್ಲ. 2008ರ ಚುನಾವಣೆಯಿಂದೀಚೆಗೆ ಇವೆರಡೂ ಕೂಡಿ ಒಂದೇ ವಿಧಾನಸಭಾ ಕ್ಷೇತ್ರ. ಅದಕ್ಕೆ ಮುಂಚೆ ಅಂಕೋಲೆಯ ಹೆಸರಿನದೇ ಬೇರೆ ಕ್ಷೇತ್ರವಿತ್ತು. ಒಬ್ಬನೇ ಶಾಸಕನನ್ನು ಆರಿಸುತ್ತಾರೆಂಬ ಮಾತ್ರಕ್ಕೆ ಈ ಎರಡು ತಾಲೂಕುಗಳ ರಾಜಕೀಯವೂ ಒಂದೇ ಎನ್ನಬಹುದೇ? ಈ ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಇಂಥ ಹೋಲಿಕೆಗೆ ಅಮೆರಿಕೆಯ ಸಂಯುಕ್ತ ಸಂಸ್ಥಾನಗಳು ಒಳ್ಳೆಯ ಪಾಠಶಾಲೆ. ಅಲ್ಲಿ ವರ್ಮಾಂಟ್ ಮತ್ತು ನ್ಯೂ ಹ್ಯಾಂಪ್‌ಶೈರ್ ಎಂಬ ಎರಡು ಚಿಕ್ಕ ರಾಜ್ಯಗಳಿವೆ. ನಡುವೆ ಹರಿಯುವ ಕನೆಕ್ಟಿಕಟ್ ನದಿಯೇ ಅವುಗಳ ಗಡಿ. 1992ರಿಂದ ಈಚಿನ ಅಧ್ಯಕ್ಷ ಚುನಾವಣೆಗಳಲ್ಲಿ ವರ್ಮಾಂಟ್ ಪ್ರತಿಸಲವೂ ಡೆಮಾಕ್ರಟಿಕ್ ಪಕ್ಷದ ಕಡೆಗೆ ನಿಂತಿದೆ. ನ್ಯೂ ಹ್ಯಾಂಪ್‌ಶೈರ್ 2000ದ ಒಂದು ಸಲವನ್ನು ಬಿಟ್ಟರೆ ಹಾಗೆಯೇ. ಮತದ ಲೆಕ್ಕ ಮಾತ್ರ ನೋಡಿದವರು ಇವೆರಡೂ ಅವಳಿ ಎಂದಾರು. ಆದರೆ ತೆರಿಗೆಯ ಲೆಕ್ಕ ತೆಗೆಯಿರಿ. ವರ್ಮಾಂಟ್ ಜನರ ಸಂಬಳದ ಮೇಲೂ ತೆರಿಗೆ ಹಾಕುತ್ತದೆ, ಸಾಮಾನ್ಯ ಮಾರಾಟದ ಮೇಲೂ ಹಾಕುತ್ತದೆ. ನ್ಯೂ ಹ್ಯಾಂಪ್‌ಶೈರ್ ಎರಡನ್ನೂ ಹಾಕುವುದಿಲ್ಲ. ಸರಕಾರ ಎಷ್ಟು ಮಾಡಬೇಕು, ಅದಕ್ಕೆ ಯಾರು ಹಣ ಕೊಡಬೇಕು ಎಂಬಲ್ಲಿ ಎರಡರ ದಾರಿ ಬೇರೆ ಬೇರೆ. ಇಷ್ಟಾದರೂ, ಊರಿನವರೆಲ್ಲ ಒಂದೆಡೆ ಕೂಡಿ ಊರಿನ ಖರ್ಚುವೆಚ್ಚವನ್ನು ಕೈಯೆತ್ತಿ ತೀರ್ಮಾನಿಸುವ ಹಳೆಯ ಪದ್ಧತಿ ಎರಡು ಕಡೆಯೂ ಉಳಿದುಬಂದಿದೆ. ಹೋಲಿಕೆ ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇಲ್ಲ. ಆದ್ದರಿಂದ, ಯಾರಿಗೆ ಮತ ಹಾಕಿದರು ಎಂದು ಕೇಳಿದರೆ ಸಾಲದು. ಏನನ್ನು ಬೇಡಿದರು, ಯಾವುದಕ್ಕಾಗಿ ಕೂಡಿದರು ಎಂದೂ ಕೇಳಬೇಕು.

ಈ ಅಳತೆಗೋಲನ್ನು ಹಿಡಿದುಕೊಂಡು ನಮ್ಮ ಕಡಲತೀರಕ್ಕೆ ಬರೋಣ.

ಅಂಕೋಲೆಯ ರಾಜಕೀಯ ಹುಟ್ಟಿದ್ದು ಉಪ್ಪಿನಲ್ಲಿ ಮತ್ತು ಮಣ್ಣಿನಲ್ಲಿ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದದ್ದು ಇಲ್ಲಿಯೇ. ಮುಂದೆ ಕರನಿರಾಕರಣೆ ಬಂತು. ಅಂಕೋಲೆ, ಸಿದ್ದಾಪುರ ತಾಲೂಕುಗಳ ರೈತರು ಭೂಕಂದಾಯ ಕೊಡೆವೆಂದು ನಿಂತರು, ಹೊಲಗದ್ದೆ ಜಪ್ತಿಯಾಯಿತು. ಅಂಕೋಲೆಯನ್ನು ಕರ್ನಾಟಕದ ಬಾರ್ಡೋಲಿ ಎಂದು ಕರೆದದ್ದು ಸುಮ್ಮನಲ್ಲ. ಆ ಮೇಲೆ ಗೇಣಿ ರೈತರನ್ನು ಸಂಘಟಿಸಿ ಗಡಿಪಾರಾದ ದಿನಕರ ದೇಸಾಯಿಯವರು ಇದೇ ತಾಲೂಕಿನ ಅಲಗೇರಿಯವರು. 1967ರಲ್ಲಿ ಅವರು ಪಕ್ಷೇತರರಾಗಿಯೇ ಲೋಕಸಭೆಗೆ ಗೆದ್ದರು. ಉಳುವವನಿಗೆ ನೆಲ ಬೇಕು ಎಂಬುದೇ ಇಲ್ಲಿಯ ಹಳೆಯ ಬೇಡಿಕೆ.

ಕಾರವಾರದ ಕಥೆ ಬೇರೆ. ಅದು ಜಿಲ್ಲೆಯ ಕಚೇರಿಗಳ ಊರು, ಬಂದರಿನ ಊರು, ಗಡಿಯ ಊರು. 1862ರಲ್ಲಿ ಈ ಜಿಲ್ಲೆಯನ್ನು ಮದ್ರಾಸಿನಿಂದ ಮುಂಬಯಿ ಇಲಾಖೆಗೆ ಸೇರಿಸಿದ ಮೇಲೆ ಜನರು ನೌಕರಿಗೂ ವ್ಯಾಪಾರಕ್ಕೂ ಮುಂಬಯಿಯ ಕಡೆ ಮುಖ ಮಾಡಿದರು. ಮನೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಕನ್ನಡ, ಕೆಲವು ಶಾಲೆಗಳಲ್ಲಿ ಮರಾಠಿ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಅಂಕೋಲೆಗೆ ಅದು ಮನೆಗೆ ಮರಳಿದಂತೆ. ಕಾರವಾರದಲ್ಲಿ ಮಾತ್ರ ವಾದ ನಿಲ್ಲಲಿಲ್ಲ. ಮಹಾರಾಷ್ಟ್ರ ಕಾರವಾರವನ್ನು ಕೇಳಿತು. 1967ರ ಮಹಾಜನ ಆಯೋಗದ ವರದಿ ಅದನ್ನು ಒಪ್ಪಲಿಲ್ಲ. ನಾವು ಯಾರ ಕಡೆಯವರು ಎಂಬುದು ಕಾರವಾರದ ಹಳೆಯ ಪ್ರಶ್ನೆಯಾದರೆ, ಈ ನೆಲ ಯಾರದು ಎಂಬುದು ಅಂಕೋಲೆಯ ಹಳೆಯ ಪ್ರಶ್ನೆ.

ಹಾಗಾದರೆ ಎರಡಕ್ಕೂ ಹೋಲಿಕೆಯೇ ಇಲ್ಲವೇ? ಇದೆ. ಅದನ್ನು ತಂದದ್ದು ಮತಪೆಟ್ಟಿಗೆಯಲ್ಲ, ಭೂಸ್ವಾಧೀನದ ನೋಟೀಸು. 1986ರಲ್ಲಿ ಕಾರವಾರದ ಬಳಿಯ ಅರ್ಗಾದಲ್ಲಿ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಸೀಬರ್ಡ್ ಎಂಬ ಆ ಯೋಜನೆಗಾಗಿ ಎರಡೂ ತಾಲೂಕುಗಳ ಕಡಲಂಚಿನ ಹಳ್ಳಿಗಳವರು ಮನೆ ಬಿಟ್ಟರು, ಗದ್ದೆ ಬಿಟ್ಟರು. ದೋಣಿ ಎಳೆದಿಡುತ್ತಿದ್ದ ಮರಳ ದಂಡೆಯನ್ನೂ ಬಿಟ್ಟರು. ನೆಲೆ 2005ರಲ್ಲಿ ಕೆಲಸಕ್ಕೆ ನಿಂತಿತು. ಪರಿಹಾರದ ಮೊಕದ್ದಮೆಗಳು ದಶಕಗಳ ಕಾಲ ಕೋರ್ಟಿನಲ್ಲಿ ನಡೆದವು. ದೇಶದ ರಕ್ಷಣೆಗೆ ನೆಲೆ ಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ನೆಲ ಕೊಟ್ಟವನ ಮಗನಿಗೆ ಕೆಲಸ ಎಲ್ಲಿ, ಮನೆ ಎಲ್ಲಿ ಎಂದು ಕೇಳುವಾಗ ಕಾರವಾರದ ಕೊಂಕಣಿಗೂ ಅಂಕೋಲೆಯ ಕನ್ನಡಕ್ಕೂ ಅರ್ಥದಲ್ಲಿ ಭೇದವಿಲ್ಲ.

ಕಡಲಿನದೂ ಅದೇ ಮಾತು. 2020ರ ಜನವರಿಯಲ್ಲಿ ಕಾರವಾರ ಬಂದರಿನ ವಿಸ್ತರಣೆಯನ್ನು ಅಲ್ಲಿಯ ಮೀನುಗಾರರು ಬೀದಿಗಿಳಿದು ವಿರೋಧಿಸಿದರು. ಈಚಿನ ವರ್ಷಗಳಲ್ಲಿ ಅಂಕೋಲೆಯ ಕೇಣಿಯಲ್ಲಿ ಹೊಸ ಬಂದರಿನ ಯೋಜನೆ ಬಂದಾಗ ಅಲ್ಲಿಯ ಮೀನುಗಾರರೂ ಅದನ್ನೇ ಹೇಳಿದರು. ಇಲ್ಲಿ ಕಾರವಾರವೂ ಈ ನೆಲ, ಈ ನೀರು ಯಾರದು ಎಂದು ಕೇಳಿದೆ. ಅಂಕೋಲೆಯ ಹಳೆಯ ಪ್ರಶ್ನೆ ಈಗ ಎರಡೂ ತಾಲೂಕುಗಳ ಪ್ರಶ್ನೆಯಾಗಿದೆ.

ಇದರಿಂದ ನಮಗೆ ತಿಳಿಯುವುದೇನು? ಕ್ಷೇತ್ರದ ಗಡಿಯನ್ನು ಕಾಗದದ ಮೇಲೆ ಎಳೆಯಬಹುದು, ಅಳಿಸಲೂಬಹುದು. ಜನರ ರಾಜಕೀಯವನ್ನು ಒಂದು ಮಾಡುವುದು ಅವರ ಬದುಕಿನ ಕಷ್ಟ, ಮತ್ತು ಆ ಕಷ್ಟ ತಮ್ಮೊಬ್ಬರದೇ ಅಲ್ಲವೆಂಬ ಅರಿವು. ಆ ಅರಿವು ಇಲ್ಲದಿದ್ದರೆ ಕಾರವಾರದವರಿಗೆ ಒಂದು ಮಾತು, ಅಂಕೋಲೆಯವರಿಗೆ ಇನ್ನೊಂದು ಮಾತು ಹೇಳಿ ಗೆದ್ದು ಹೋಗುವುದು ಯಾವ ಉಮೇದುವಾರನಿಗೂ ಸುಲಭ.

ನಿಮ್ಮ ತಾಲೂಕು ಯಾವುದೇ ಇರಲಿ, ನೆರೆಯ ತಾಲೂಕಿನ ಜೊತೆ ಅದನ್ನು ಹೀಗೆಯೇ ಹೋಲಿಸಿ ನೋಡಿ. ಅವರು ಯಾರನ್ನು ಗೆಲ್ಲಿಸಿದರು ಎಂಬುದರ ಜೊತೆಗೆ, ಅವರು ಏನು ಕಳೆದುಕೊಂಡರು, ಏನು ಕೇಳುತ್ತಿದ್ದಾರೆ ಎಂದು ವಿಚಾರಿಸಿ. ನಿಮ್ಮ ಮನೆಯ ಮಾತೇ ಅಲ್ಲಿ ಕೇಳಿಬಂದೀತು.