ಅಡಿಕೆ ಅಂಗಳದ ನೀಲಿ ನೆರಳು

ವಸ್ತುವಿನ ಸ್ಥಿರವಾದ ಆಕಾರಕ್ಕಿಂತ, ಒಂದು ಗಳಿಗೆಯ ಬೆಳಕಿನಲ್ಲಿ ಅದು ಕಣ್ಣಿಗೆ ಹೇಗೆ ಕಂಡಿತೆಂಬುದನ್ನೇ ಮುಖ್ಯವೆಂದು ಬಗೆದ ಇಂಪ್ರೆಷನಿಸಂ ಎಂಬ ಚಿತ್ರಕಲಾ ಪಂಥವು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡಿತು. 1874ರಿಂದ 1886ರವರೆಗೆ ಈ ಪಂಥದವರು ನಡೆಸಿದ ಎಂಟು ಪ್ರದರ್ಶನಗಳಲ್ಲಿಯೂ ಭಾಗವಹಿಸಿದ ಏಕೈಕ ಕಲಾವಿದನಾದ ಕಮೀಲ್ ಪಿಸಾರೋ, ರಾಜರನ್ನೂ ಪುರಾಣಪುರುಷರನ್ನೂ ಬದಿಗಿರಿಸಿ, ಪೊಂತ್ವಾಸ್ ಎಂಬ ಊರಿನ ಆಸುಪಾಸಿನ ತರಕಾರಿ ತೋಟಗಳನ್ನು, ಕಾಲುದಾರಿಗಳನ್ನು ಮತ್ತು ದುಡಿಯುವ ರೈತರನ್ನು ಚಿತ್ರಿಸಿದನು.

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಇಂತಹ ಕಣ್ಣಿಗೆ ಒದಗುವ ವಸ್ತುವೆಂದರೆ ಅಡಿಕೆ ಒಣಹಾಕಿದ ಅಂಗಳ. ಹಣ್ಣಡಿಕೆಯನ್ನು ಸಿಪ್ಪೆಸಹಿತ ಸುಮಾರು ನಲವತ್ತು ದಿನಗಳ ಕಾಲ ಬಿಸಿಲಿನಲ್ಲಿ ಒಣಗಿಸಿ, ಆಮೇಲೆ ಸುಲಿದು ಪಡೆಯುವ ಅಡಿಕೆಗೆ ಚಾಲಿ ಎನ್ನುತ್ತಾರೆ. ಈ ಅವಧಿಯಲ್ಲಿ ಅಂಗಳವು ಉಜ್ವಲವಾದ ಕಿತ್ತಳೆ ಬಣ್ಣದಿಂದ ಕಂದಿಗೆ ತಿರುಗುತ್ತಾ ಹೋಗುತ್ತದೆ. ಇಂಪ್ರೆಷನಿಸಂ ಪಂಥದವನೇ ಆದ ಕ್ಲೋದ್ ಮೋನೆ 1890-91ರಲ್ಲಿ ಗೋಧಿಯ ಬಣವೆಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ಮತ್ತೆ ಮತ್ತೆ ಚಿತ್ರಿಸಿದ್ದು ಬೆಳಕಿನ ಬದಲಾವಣೆಗಾಗಿ. ಇಲ್ಲಿಯಾದರೋ ಬೆಳಕಿನ ಜೊತೆಗೆ ವಸ್ತುವಿನ ಬಣ್ಣವೂ ದಿನದಿಂದ ದಿನಕ್ಕೆ ಬದಲಾಗುತ್ತದೆ.

ಆ ಅಂಗಳದ ಅಂಚಿನಲ್ಲಿರುವ ಮರಗಳ ನೆರಳನ್ನು ಕಪ್ಪೆಂದು ಬರೆದರೆ ಚಿತ್ರ ಸುಳ್ಳಾಗುತ್ತದೆ. ನೇರ ಬಿಸಿಲು ತಾಗದ ಜಾಗಕ್ಕೆ ಬೆಳಕು ಬರುವುದು ಬಹುಮಟ್ಟಿಗೆ ನೀಲಿ ಆಕಾಶದಿಂದ. ಅಲ್ಲದೆ ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ತಮ್ಮ ವಿರುದ್ಧ ಛಾಯೆಯತ್ತ ನೂಕುತ್ತವೆ ಎಂಬುದನ್ನು ಫ್ರೆಂಚ್ ರಸಾಯನವಿಜ್ಞಾನಿ ಶೆವ್ರೆಲ್ 1839ರ ತನ್ನ ಗ್ರಂಥದಲ್ಲಿ ವಿವರಿಸಿದ್ದನಾದ್ದರಿಂದ, ಕಿತ್ತಳೆ ಬಣ್ಣದ ಮಗ್ಗುಲಲ್ಲಿ ಬೂದು ನೆರಳು ಇನ್ನಷ್ಟು ನೀಲಿಯಾಗಿ ತೋರುವುದರಲ್ಲಿ ಆಶ್ಚರ್ಯವಿಲ್ಲ. ಹಳ್ಳಿಯನ್ನು ತೋರಿಸುವ ಕ್ಯಾಲೆಂಡರ್ ಚಿತ್ರಗಳು ಸಪ್ಪೆಯಾಗುವುದು ಹೆಚ್ಚಾಗಿ ಇಲ್ಲಿಯೇ: ಅವುಗಳಲ್ಲಿ ಗುಡಿಸಲು, ಹಸು, ಕೊಡ ಹೊತ್ತ ಹೆಣ್ಣು ಎಲ್ಲವೂ ಇರುತ್ತವೆ, ಹೊತ್ತು ಮಾತ್ರ ಇರುವುದಿಲ್ಲ. ಈ ಬೆಳಕನ್ನು ಕರಾವಳಿಯ ಚಿತ್ರಕಾರರಲ್ಲಿ ಹುಡುಕಿದರೆ, ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ.ಕೆ. ಹೆಬ್ಬಾರರು ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಅಭ್ಯಾಸ ಮಾಡಿದವರಾದರೂ, ಅವರ ಹಿರಿಮೆ ಬೆಳಕಿಗಿಂತ ರೇಖೆಯಲ್ಲಿದೆ ಎಂದೇ ಹೇಳಬೇಕು.

ಹೊತ್ತಿನ ಅರಿವು ಈ ಸೀಮೆಯ ಕೃಷಿಕರಿಗೆ ಕಲೆಯಿಂದ ಬಂದುದಲ್ಲ. ಘಟ್ಟದ ತಪ್ಪಲಿನ ಕಣಿವೆಗಳಿಗೆ ಬಿಸಿಲು ತಡವಾಗಿ ಇಳಿಯುವುದರಿಂದ ಅಂಗಳದ ಯಾವ ಮೂಲೆಗೆ ಯಾವಾಗ ನೆರಳು ಬರುತ್ತದೆಂದು ಅವರು ಬಲ್ಲರು. ಅಕಾಲದಲ್ಲಿ ಮೋಡ ಕವಿದರೆ ಅಡಿಕೆಗೆ ಬೂಷ್ಟು ಬಂದು ಬೆಲೆ ಕುಸಿಯುತ್ತದೆ. ಅದಕ್ಕಾಗಿಯೇ ಈಚೆಗೆ ಅನೇಕ ಮನೆಗಳಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಸೋಲಾರ್ ಗೂಡುಗಳು ಎದ್ದಿವೆ. ಅವು ಹಳ್ಳಿಯ ಚೆಲುವನ್ನು ಕೆಡಿಸಿದವೆಂದು ಮರುಗುವವರಿದ್ದಾರೆ. ಆದರೆ 1877ರಲ್ಲಿ ಪ್ಯಾರಿಸ್ಸಿನ ಸಾಂ ಲಜಾರ್ ರೈಲು ನಿಲ್ದಾಣದ ಗಾಜಿನ ಮಾಡಿನಡಿಯ ಹೊಗೆಯನ್ನೂ ಬೆಳಕನ್ನೂ ಚಿತ್ರಿಸಿದ ಮೋನೆಗೆ, ಪ್ಲಾಸ್ಟಿಕ್ಕಿನಲ್ಲಿ ಸೋಸಿ ಬಂದು ನೆರಳಿನ ಅಂಚುಗಳನ್ನು ಮಸುಕುಗೊಳಿಸುವ ಈ ಬೆಳಕು ಕೂಡ ಬಣ್ಣ ಕಲಸಲು ಸಾಕಷ್ಟು ಕಾರಣವಾಗುತ್ತಿತ್ತು.